ಲಕ್ಷ್ಯವಿಟ್ಟು ಬದುಕುವ ಬಗೆ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನಮಗೆ ಕಳಿಸಿದ ಆಮಂತ್ರಣ ಪತ್ರ ಸೊಗಸಾದ ಕನ್ನಡದಲ್ಲಿತ್ತು. ಅದರಲ್ಲಿ ಒಂದೇ ಒಂದು ಮಾತು ಹೊರಗಿನದು. ಇಂದಿನ ಭಾಷಣದ ವಿಷಯವೇ ಆ ಮಾತು. ನಿತ್ಯಜೀವನದಲ್ಲಿ ಮೈಂಡ್‌ಫುಲ್‌ನೆಸ್ ತಂದುಕೊಳ್ಳುವ ಸುಲಭ ಉಪಾಯಗಳನ್ನು ಕುರಿತು ಮಾತಾಡಬೇಕೆಂದು ಅವರ ಅಪ್ಪಣೆ. ರಾಜ್ಯೋತ್ಸವದ ಹೊತ್ತಿನಲ್ಲಿ ಕನ್ನಡ ಸಂಘದ ವೇದಿಕೆಯನ್ನು ಏರುವವನು ತನ್ನ ವಿಷಯದ ಹೆಸರನ್ನಾದರೂ ಕನ್ನಡದಲ್ಲಿ ಹೇಳಬೇಡವೆ? ಹೀಗೆಂದು ಒಂದು ವಾರ ಕಾಲ ನಾವು ಆ ಮಾತಿಗೆ ಸರಿದೂಗುವ ಮಾತನ್ನು ಹುಡುಕುತ್ತ ಡೊಂಬಿವಲಿಯ ಗಾಡಿಯಲ್ಲಿ ಹೋಗಿ ಬಂದು ಮಾಡಿದೆವು.

'ಸಾವಧಾನ' ಎನ್ನೋಣವೆಂದರೆ ನಮ್ಮ ಜನರ ಕಿವಿಗೆ ಅದು 'ನಿಧಾನ' ಎಂದೇ ಕೇಳಿಸುತ್ತದೆ. ಮುಂಬಯಿಯಲ್ಲಿ ಇರುವ ನಮಗಂತೂ ಆ ಮಾತು ಮರಾಠಿ ಮದುವೆಯ ಮಂಟಪದಲ್ಲಿ ಭಟ್ಟರ ಬಾಯಿಂದ ಕೇಳಿ ಪರಿಚಿತವಾದುದು. ಅದೇ ಮಾತು ಕಿವಿಗೆ ಬಿದ್ದೊಡನೆ ಸಮರ್ಥ ರಾಮದಾಸರು ಮಂಟಪವನ್ನೇ ಬಿಟ್ಟು ಓಡಿದರೆಂಬ ಕಥೆ ಮಹಾರಾಷ್ಟ್ರದಲ್ಲಿ ಮನೆಮಾತಾಗಿದೆ. ನಮ್ಮ ಶ್ರೋತೃಗಳು ಓಡಿಹೋಗುವುದು ನಮಗೆ ಬೇಡ. 'ಎಚ್ಚರ' ಒಳ್ಳೆಯ ಮಾತೇ. ಆದರೆ ಅದರಲ್ಲಿ ಸ್ವಲ್ಪ ಗದರಿಕೆ ಉಂಟು. 'ಅವಧಾನ'ವನ್ನು ಕವಿಗಳು ತಮ್ಮದಾಗಿ ಮಾಡಿಕೊಂಡಿದ್ದಾರೆ. ಕಡೆಗೆ ಬೇಕಾದ ಮಾತು ಮನೆಯಲ್ಲಿಯೇ ಇದ್ದಿತು. ನಮ್ಮ ಅವ್ವ ಗದಗಿನ ಕಡೆಯವಳು. ನಮ್ಮ ಚಿಕ್ಕಂದಿನಿಂದಲೂ ಅವಳು ಆಡುತ್ತ ಬಂದ ಮಾತು, "ಲಕ್ಷ್ಯ ಕೊಟ್ಟು ಕೇಳು", "ನಿನ್ನ ಲಕ್ಷ್ಯ ಎಲ್ಲಿ ಅದ?" ದಕ್ಷಿಣ ಕನ್ನಡದ ಮಿತ್ರರು ಇದನ್ನು 'ಗಮನ' ಎಂದಾರು, ಅಡ್ಡಿಯಿಲ್ಲ. ನಮಗೆ ಮಾತ್ರ 'ಲಕ್ಷ್ಯ'ವೇ ಹಿಡಿಸಿತು. ಅದಕ್ಕೆ ಕಾರಣ ಅದರ ಎದುರು ಮಾತು. ಗಮನಿಸದೆ ಇರುವುದಕ್ಕೂ ಕಡೆಗಣಿಸುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು: ಅಲಕ್ಷ್ಯ. ಮನಸ್ಸು ಬೇರೆಲ್ಲೋ ಇದ್ದರೆ ಅದೊಂದು ಸಣ್ಣ ತಪ್ಪು, ಕಡೆಗಣಿಸಿದರೆ ದೊಡ್ಡ ಅಪರಾಧ ಎಂದು ನಾವು ಲೆಕ್ಕ ಹಾಕಿಕೊಂಡಿರುತ್ತೇವೆ. ಭಾಷೆ ಆ ವ್ಯತ್ಯಾಸವನ್ನು ಒಪ್ಪಿಲ್ಲ. ಅದೇಕೆ ಒಪ್ಪಿಲ್ಲವೆಂಬುದು ನಮಗೆ ಎರಡು ವರ್ಷದ ಹಿಂದೆ ತಿಳಿಯಿತು.

ತಂದೆಯವರು ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಅವಳಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆ ತಪ್ಪಿಸುತ್ತಿರಲಿಲ್ಲ, ಚಹಕ್ಕೆ ಸಕ್ಕರೆ ಹಾಕಿಕೊಳ್ಳುತ್ತಿರಲಿಲ್ಲ. ಇಷ್ಟಾದ ಮೇಲೆ ಇನ್ನೇನು ಎಂದು ನಾವು ನಿಶ್ಚಿಂತರಾಗಿದ್ದೆವು. ಸಂಜೆ ನಾವು ಕಚೇರಿಯಿಂದ ಬಂದು ಕುಳಿತಾಗ ಅವಳು ದಿನದ ವರದಿ ಒಪ್ಪಿಸುವಳು. ನಾವು ಕೈಯಲ್ಲಿ ಮೊಬೈಲು ಹಿಡಿದು "ಹೂಂ ಅವ್ವಾ, ಹೂಂ" ಎನ್ನುವೆವು. ಒಂದು ಸಂಜೆ ಅವಳೆಂದಳು: "ತಮ್ಮಾ, ಇವತ್ತ ಗುಡಿಯಿಂದ ಬರೂವಾಗ ಚಪ್ಪಲಿ ಕಾಲಾಗಿಂದ ಯಾವಾಗ ಜಾರಿತೋ ತಿಳೀಲೇ ಇಲ್ಲ ನೋಡು. ಹತ್ತು ಹೆಜ್ಜಿ ಬಂದ ಮ್ಯಾಲೆ ನೋಡಿದ್ರ ಬರಿಗಾಲು!" ನಾವು "ಹೂಂ" ಎಂದೆವು. ಇನ್ನೆರಡು ದಿನ ಬಿಟ್ಟು, "ಈ ಕಾಲು ನಂದಲ್ಲೇನೋ ಅನ್ನಂಗ ಆಗೇದ" ಎಂದಳು. ಅದಕ್ಕೂ ನಾವು "ಹೂಂ" ಎಂದೆವು. ನಗೆಯ ಮಾತೆಂದು ಸ್ವಲ್ಪ ನಕ್ಕಿದ್ದೂ ಉಂಟು. ಮರುವಾರ ನೆಲ ಒರೆಸುತ್ತಿದ್ದ ನಮ್ಮ ಮನೆಯಾಕೆ ಹಾಸುಗಲ್ಲಿನ ಮೇಲೆ ಸಾಲಾಗಿ ಕೆಂಪು ಗುರುತುಗಳನ್ನು ಕಂಡು ನಮ್ಮನ್ನು ಕೂಗಿದಳು. ಅವ್ವನ ಚಪ್ಪಲಿಯ ಒಳಗೆ ಹುಣಿಸೆ ಬೀಜದಷ್ಟು ಒಂದು ಹರಳು ಸೇರಿಕೊಂಡಿತ್ತು. ಅದರ ಮೇಲೆ ಅವಳು ಎಷ್ಟು ದಿನ ನಡೆದಿದ್ದಳೋ! ನೋವು ಮಾತ್ರ ಇರಲೇ ಇಲ್ಲ.

ಸಕ್ಕರೆ ಕಾಯಿಲೆ ಬಹುಕಾಲ ಇದ್ದರೆ ಪಾದದ ನರಗಳು ಕೆಡುವವು, ಸ್ಪರ್ಶಜ್ಞಾನ ಕುಂದುವುದು. ಗಾಯವಾದರೂ ತಿಳಿಯದು, ರಕ್ತ ಸಂಚಾರ ಕಡಿಮೆಯಾಗಿದ್ದರೆ ಬೇಗ ಮಾಯದು. ಚಪ್ಪಲಿ ಜಾರಿದ್ದು ತಿಳಿಯದಿರುವುದು ಇದರ ಸ್ಪಷ್ಟ ಸೂಚನೆಗಳಲ್ಲಿ ಒಂದೆಂದು ವೈದ್ಯರು ಹೇಳಿದರು. ಆ ಸೂಚನೆಯನ್ನು ಅವ್ವ ನಮ್ಮ ಎದುರಿಗೆ ಕುಳಿತು ಬಾಯಿಬಿಟ್ಟು ಹೇಳಿದ್ದಳು. ಬಲಗಾಲಿನ ಕಿರುಬೆರಳನ್ನು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಮೂರನೆಯ ದಿನ ನಾವು ತಲೆ ತಗ್ಗಿಸಿ ಕುಳಿತಿದ್ದಾಗ ಅವಳೇ ಮಾತು ತೆಗೆದಳು. "ನಿನ್ನ ಲಕ್ಷ್ಯ ಆ ಡಬ್ಬ್ಯಾಗ ಇತ್ತು. ನನ್ನ ಲಕ್ಷ್ಯ ನಿನ್ನ ಮ್ಯಾಲೆ ಇತ್ತು. ಪಾಪ, ಕಾಲಿನ ಮ್ಯಾಲೆ ಯಾರದೂ ಇರಲಿಲ್ಲ." ಹೀಗೆಂದು ನಕ್ಕಳು. ಬೈದಿದ್ದರೆ ಚೆನ್ನಾಗಿತ್ತು.

ಮಹನೀಯರೆ, ಸ್ವಂತದ ಮಾತು ಉದ್ದವಾಯಿತು, ಕ್ಷಮಿಸಬೇಕು. ಇನ್ನು ವಿಷಯದ ಹಿನ್ನೆಲೆಯನ್ನು ಸ್ವಲ್ಪ ನೋಡೋಣ.

ಇಂದು ಪಶ್ಚಿಮದಿಂದ ಹೊಸ ಸರಕಿನಂತೆ ಬರುತ್ತಿರುವ ಈ ವಸ್ತು ನಿಜವಾಗಿ ಇಲ್ಲಿಯದೇ. ಪಾಲಿ ಭಾಷೆಯಲ್ಲಿ ಇದಕ್ಕೆ 'ಸತಿ' ಎಂದು ಹೆಸರು. ಸಂಸ್ಕೃತದ 'ಸ್ಮೃತಿ'ಯೇ ಅದು. ಅಂದರೆ ನೆನಪು. ಯಾವುದರ ನೆನಪು? ಈಗ ಏನು ಮಾಡುತ್ತಿದ್ದೇವೆ ಎಂಬುದರ ನೆನಪು. ಸತಿಪಟ್ಠಾನ ಸುತ್ತವೆಂಬ ಉಪದೇಶವನ್ನು ಬುದ್ಧನು ಕುರು ದೇಶದ ಕಮ್ಮಾಸಧಮ್ಮವೆಂಬ ಊರಿನಲ್ಲಿ ಮಾಡಿದನೆಂದು ಆ ಗ್ರಂಥವೇ ಹೇಳುತ್ತದೆ. ಅಲ್ಲಿ ಉಸಿರಾಟದ ಮಾತಿದೆ. ಅದರ ಜೊತೆಗೆ ನಡೆಯುವುದು, ನಿಲ್ಲುವುದು, ಕೈ ಚಾಚುವುದು, ಮಡಿಚುವುದು, ಉಣ್ಣುವುದು, ಕುಡಿಯುವುದು, ಮಲವಿಸರ್ಜನೆಯನ್ನು ಕೂಡ ಬಿಡದೆ ಎಲ್ಲವನ್ನೂ ಅರಿವಿನಿಂದ ಮಾಡಬೇಕೆಂಬ ವಿವರವೂ ಇದೆ. ನಿತ್ಯಜೀವನಕ್ಕೆ ಇದಕ್ಕಿಂತ ಹತ್ತಿರದ ಪಾಠ ಇನ್ನಾವುದಿದ್ದೀತು? ರೈಸ್ ಡೇವಿಡ್ಸ್ ಎಂಬ ವಿದ್ವಾಂಸರು 1881ರಲ್ಲಿ ಈ 'ಸತಿ'ಯನ್ನು ಇಂಗ್ಲಿಷಿಗೆ ತಿರುಗಿಸುವಾಗ ಬಳಸಿದ ಮಾತೇ ನಮ್ಮ ಕಾರ್ಯದರ್ಶಿಗಳ ಪತ್ರದಲ್ಲಿದ್ದ ಮಾತು.

ಬರ್ಮಾದಲ್ಲಿ ಉಳಿದು ಬೆಳೆದ ಒಂದು ಪದ್ಧತಿಯನ್ನು ಸತ್ಯನಾರಾಯಣ ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ತಂದು ಮೊದಲ ಶಿಬಿರ ನಡೆಸಿದ್ದು ಇದೇ ಮುಂಬಯಿಯಲ್ಲಿ. ಇಗತ್‌ಪುರಿಯ ಕೇಂದ್ರವನ್ನೂ ಗೋರಾಯಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ದೊಡ್ಡ ಪಗೋಡವನ್ನೂ ನಿಮ್ಮಲ್ಲಿ ಹಲವರು ನೋಡಿರಬಹುದು. ಅಮೆರಿಕದಲ್ಲಿ ಜಾನ್ ಕಬಾಟ್-ಝಿನ್ ಅವರು 1979ರಿಂದ ಮ್ಯಾಸಚೂಸೆಟ್ಸಿನ ವೈದ್ಯಶಾಲೆಯೊಂದರಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗಾಗಿ ಅಭ್ಯಾಸಕ್ರಮವೊಂದನ್ನು ಆರಂಭಿಸಿದರು. ಅವರ ಪಾಠಗಳಲ್ಲಿ ಪ್ರಸಿದ್ಧವಾದುದು ಒಂದು ಒಣದ್ರಾಕ್ಷಿಯನ್ನು ತಿನ್ನುವುದು. ಅದನ್ನು ಅಂಗೈಯಲ್ಲಿಟ್ಟು ಮೊದಲ ಸಲ ಕಂಡವರಂತೆ ನೋಡಿ, ಮೂಸಿ, ನಾಲಗೆಯ ಮೇಲಿಟ್ಟು, ನಿಧಾನವಾಗಿ ಅಗಿಯಬೇಕು. ವಿಜಾಪುರದ ಕಡೆಯವರು ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ಅಲ್ಲಿ ಇಷ್ಟು ಗೌರವ!

ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. 2010ರಲ್ಲಿ ಹಾರ್ವರ್ಡಿನ ಇಬ್ಬರು ಮನಶ್ಶಾಸ್ತ್ರಜ್ಞರು, ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್, 2250 ಮಂದಿಯನ್ನು ದಿನದ ಬೇರೆ ಬೇರೆ ವೇಳೆಗಳಲ್ಲಿ ಕೇಳಿದರು: ಈಗ ಏನು ಮಾಡುತ್ತಿರುವಿರಿ, ಮನಸ್ಸು ಅಲ್ಲೇ ಇದೆಯೇ, ಸಂತೋಷವಾಗಿರುವಿರಾ? ನೂರಕ್ಕೆ ಸುಮಾರು 47 ಸಲ ಮನಸ್ಸು ಬೇರೆ ಕಡೆ ಇತ್ತು. ಬೇರೆ ಕಡೆ ಇದ್ದಾಗ ಜನ ಕಡಿಮೆ ಸಂತೋಷದಿಂದ ಇದ್ದರು. ಸವಿಯಾದ ವಿಷಯವನ್ನೇ ನೆನೆಯುತ್ತಿದ್ದರೂ, ಕೈಯ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಅವರೇನೂ ಹೆಚ್ಚು ಸುಖವಾಗಿರಲಿಲ್ಲ. ಈ ಪ್ರಶ್ನೆಗಳನ್ನು ಕೇಳಿದ್ದು ಅವರವರ ಜೇಬಿನ ಫೋನಿನ ಮೂಲಕ ಎಂಬುದನ್ನೂ ಹೇಳಬೇಕು.

ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಉಂಟು. ಲಕ್ಷ್ಯವೆಂದರೆ ಮನಸ್ಸನ್ನು ಖಾಲಿ ಮಾಡುವುದು, ಯಾವ ವಿಚಾರವೂ ಬಾರದಂತೆ ಬಾಗಿಲು ಹಾಕಿಕೊಳ್ಳುವುದು ಎಂದು. ಹಾಗೆ ಪ್ರಯತ್ನಿಸಿ ಐದು ನಿಮಿಷದಲ್ಲಿ ಸೋತು, "ಇದು ನಮ್ಮಂಥವರಿಗಲ್ಲ" ಎಂದು ಕೈಬಿಟ್ಟವರನ್ನು ನಾವು ಬಲ್ಲೆವು. ಅವರಲ್ಲಿ ನಾವೂ ಒಬ್ಬರು. ಈ ಶಂಕೆಗೆ ಉತ್ತರ ನಮ್ಮ ಅಷ್ಟಾವಧಾನದಲ್ಲಿಯೇ ಇದೆ. ಅದನ್ನು ಕಂಡವರು ಈ ಸಭೆಯಲ್ಲಿ ಇದ್ದೇ ಇರುವಿರಿ. ಅವಧಾನಿಯ ಮುಂದೆ ಎಂಟು ಮಂದಿ ಪೃಚ್ಛಕರು. ಒಬ್ಬನು ಪದ್ಯದ ಕಡೆಯ ಸಾಲು ಕೊಟ್ಟು ಉಳಿದುದನ್ನು ಪೂರೈಸು ಎನ್ನುವನು. ಒಬ್ಬನು ಹೆಜ್ಜೆ ಹೆಜ್ಜೆಗೂ ಈ ಅಕ್ಷರ ಬೇಡ ಎಂದು ತಡೆಯುವನು. ಒಬ್ಬನು ಕೊಟ್ಟ ಪದಗಳನ್ನು ಪದ್ಯದಲ್ಲಿ ಸೇರಿಸಬೇಕು. ಅವಧಾನಿ ಕಾಗದ ಮುಟ್ಟುವಂತಿಲ್ಲ. ಒಬ್ಬೊಬ್ಬನಿಗೆ ಒಂದೊಂದು ಪಾದದಂತೆ ಸುತ್ತಿ ಸುತ್ತಿ ಹೇಳಿ ಕಡೆಗೆ ಎಲ್ಲವನ್ನೂ ಪೂರ್ತಿಯಾಗಿ ಒಪ್ಪಿಸಬೇಕು. ಈ ಎಂಟು ಜನರಲ್ಲಿ ಅಪ್ರಸ್ತುತ ಪ್ರಸಂಗದವನೊಬ್ಬನಿರುತ್ತಾನೆ. ಅವನ ಕೆಲಸವೇ ಅಡ್ಡ ಮಾತಾಡುವುದು. ಪದ್ಯ ಬಾಯಿಗೆ ಬರುತ್ತಿರುವಾಗಲೇ ಅವನು "ಸ್ವಾಮಿ, ನಿನ್ನೆ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತು, ಏನು ಮಾಡಲಿ?" ಎನ್ನುವನು. ಅವಧಾನಿ ಅವನನ್ನು ಓಡಿಸುವುದಿಲ್ಲ, ಅವನ ಮೇಲೆ ಸಿಟ್ಟಾಗುವುದೂ ಇಲ್ಲ. ಸಭೆ ನಗುವಂತೆ ಒಂದು ಉತ್ತರ ಕೊಟ್ಟು ಬಿಟ್ಟ ಅಕ್ಷರಕ್ಕೆ ಮರಳಿ ಬರುವನು. ಅವನ ಅವಧಾನ ಇರುವುದು ಆ ಮರಳುವಿಕೆಯಲ್ಲಿ. ನಮ್ಮ ನಿಮ್ಮ ತಲೆಯಲ್ಲಿಯೂ ಒಬ್ಬ ಅಪ್ರಸ್ತುತ ಪ್ರಸಂಗಿ ಜನ್ಮದಿಂದ ಕುಳಿತಿದ್ದಾನೆ. ಈಗ ಜೇಬಿನಲ್ಲಿ ಎರಡನೆಯವನೂ ಬಂದು ಸೇರಿದ್ದಾನೆ. ಅವರು ಬಾಯಿ ಮುಚ್ಚುವುದನ್ನು ಕಾಯುತ್ತ ಕುಳಿತರೆ ಪದ್ಯ ಎಂದಿಗೂ ಮುಗಿಯದು. ಮನಸ್ಸು ಹತ್ತು ಸಲ ಹೋದರೆ ಹತ್ತು ಸಲ ಕರೆತರಬೇಕು. ಹನ್ನೊಂದನೆಯ ಸಲ ಹೋಯಿತೆಂದು ಬೇಸರಪಡಬೇಕಾದುದಿಲ್ಲ.

ಹಾಗಾದರೆ ಎಲ್ಲಿಗೆ ಕರೆತರುವುದು? ಕೈಯಲ್ಲಿರುವ ಕೆಲಸಕ್ಕೆ. ಇದಕ್ಕಾಗಿ ಬೇರೆ ಹೊತ್ತು, ಬೇರೆ ಕೋಣೆ, ಬೇರೆ ಚಾಪೆ ಇದ್ದರೆ ಸಂತೋಷ. ಒಂದೂವರೆ ಕೋಣೆಯ ಮನೆಯಲ್ಲಿ ಐದು ಜನ ಇರುವ ನಮ್ಮ ಊರಿನಲ್ಲಿ ಅದನ್ನು ಕಡ್ಡಾಯ ಮಾಡಿದರೆ ಹೇಗೆ? ನಮ್ಮ ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಗೋದಿ ಹಿಟ್ಟಿನ ಜಿಗುಟು ಜೋಳದ ಹಿಟ್ಟಿಗೆ ಇಲ್ಲ. ಕುದಿಯುವ ನೀರು ಹಾಕಿ ಬಿಸಿಯಿರುವಾಗಲೇ ನಾದಬೇಕು, ಬಡಿಯುವಾಗ ಅಂಗೈ ಒಂದೇ ಹದದಲ್ಲಿ ಬೀಳಬೇಕು, ಇಲ್ಲವೆಂದರೆ ಅಂಚು ಸೀಳುವುದು. ಹಂಚಿಗೆ ಹಾಕಿದೊಡನೆ ಮೇಲಿನ ಹಿಟ್ಟು ಹೋಗುವಂತೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಆ ನೀರು ಆರುವುದಕ್ಕೆ ಮೊದಲು ತಿರುವಿದರೆ ಹರಿಯುವುದು, ತಡಮಾಡಿದರೆ ಬಿರಿಯುವುದು. ರೊಟ್ಟಿಯ ಮುಂದೆ ಕುಳಿತಾಗ ಅವ್ವನನ್ನು ಏನು ಕೇಳಿದರೂ ಉತ್ತರ ಬಾರದು. ಕಿವುಡು ಬಂದಿದೆಯೇ ಎಂದು ಒಮ್ಮೆ ಸಂಶಯಪಟ್ಟಿದ್ದೆವು. ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತವಳಲ್ಲ ಅವಳು. ಆದರೆ ದಿನಕ್ಕೆ ಇಪ್ಪತ್ತು ರೊಟ್ಟಿಯಂತೆ ಐವತ್ತು ವರ್ಷ ಬಡಿದಿದ್ದಾಳೆ.

ರೊಟ್ಟಿ ಬಡಿಯಲು ಬಾರದ ನಮ್ಮಂಥವರಿಗೂ ದಾರಿ ಇಲ್ಲದಿಲ್ಲ. ಬೆಳಗಿನ ಗಾಡಿಯಲ್ಲಿ ಕಳವಾ ಬಿಟ್ಟೊಡನೆ ನಾವು ಫೋನನ್ನು ಜೇಬಿಗೆ ಸೇರಿಸುತ್ತೇವೆ, ಠಾಣೆ ಬರುವವರೆಗೆ ತೆಗೆಯುವುದಿಲ್ಲ. ಕೆಲವೇ ನಿಮಿಷದ ಮಾತು. ನಿಂತಿದ್ದರೆ ಎರಡು ಪಾದಗಳ ಮೇಲೆ ಭಾರ ಹೇಗೆ ಬಿದ್ದಿದೆ ಎಂದು ನೋಡಿಕೊಳ್ಳುವುದು, ಉಸಿರು ಬಂದು ಹೋಗುವುದನ್ನು ಬಲ್ಲೆವೆಂಬಷ್ಟು ಬಲ್ಲುದು, ಖಾಡಿಯನ್ನು ನೋಡುವುದು. ಹದಿನೈದು ವರ್ಷ ಆ ಸೇತುವೆಯನ್ನು ದಿನಕ್ಕೆರಡು ಸಲ ದಾಟಿದ ಮೇಲೂ, ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಅಲ್ಲಿಯ ನೀರು ಒಂದು ದಿನ ತುಂಬಿ ಒಂದು ದಿನ ಕೆಸರು ಕಾಣಿಸುವುದೆಂದು ನಮಗೆ ತಿಳಿದಿರಲಿಲ್ಲ. ಗಾಡಿಯಲ್ಲಿ ಧಕ್ಕಾಬುಕ್ಕಿ ಇದ್ದರೆ ಖಾಡಿ ಕಾಣುವುದಿಲ್ಲ, ಯಾರದೋ ಚೀಲ ಮಾತ್ರ ಕಾಣುತ್ತದೆ. ಆಗ ಚೀಲವನ್ನೇ ನೋಡಬೇಕು. (ಹಳಿ ದಾಟುವಾಗ ಕಿವಿಗೆ ತಂತಿ ಸಿಕ್ಕಿಸಿಕೊಳ್ಳುವ ತರುಣರಿಗೆ ಲಕ್ಷ್ಯದ ಪಾಠ ಬೇರೆಯೇ ಬೇಕು, ಅಲ್ಲಿ ಹೋಗುವುದು ಪ್ರಾಣ.)

ಊಟದ ವಿಷಯ ಹೇಳಬೇಕಾದುದೇ ಇಲ್ಲ. ಮೊದಲ ನಾಲ್ಕು ತುತ್ತನ್ನಾದರೂ ಟೀವಿಯ ಕಡೆ ನೋಡದೆ ಉಂಡರೆ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ, ಅಡಿಗೆ ಮಾಡಿದವರಿಗೂ ಸಮಾಧಾನ. ಎಲ್ಲಕ್ಕಿಂತ ಕಷ್ಟದ ಅಭ್ಯಾಸ ಮತ್ತೊಬ್ಬರ ಮಾತು ಕೇಳುವುದು. ನಾವು ಮಾಡಿಕೊಂಡ ಉಪಾಯ ಬಹಳ ಸಣ್ಣದು. ಮನೆಯಲ್ಲಿ ಬರಿಯ "ಹೂಂ" ಎನ್ನುವುದನ್ನು ಬಿಟ್ಟಿದ್ದೇವೆ. ಹೇಳಿದವರ ಮಾತಿನಲ್ಲಿ ಒಂದು ಪದವನ್ನಾದರೂ ತೆಗೆದುಕೊಂಡು ಮರುಮಾತು ಆಡಬೇಕು. "ಚಪ್ಪಲಿ ಜಾರಿತು" ಎಂದರೆ "ಯಾವ ಕಾಲಿನ ಚಪ್ಪಲಿ?" ಎನ್ನಬೇಕು. ಇಷ್ಟು ಕೇಳಿದ್ದರೆ ಒಂದು ಬೆರಳು ಉಳಿಯುತ್ತಿತ್ತು.

ಇಲ್ಲಿ ಎರಡು ಮಾತು ಕಟುವಾಗಿ ಹೇಳಬೇಕೆನಿಸುತ್ತದೆ. ಇತ್ತೀಚೆಗೆ ಕೆಲವು ಕಚೇರಿಗಳಲ್ಲಿ ನೌಕರರನ್ನು ಹನ್ನೆರಡು ಗಂಟೆ ದುಡಿಸಿ, ಶುಕ್ರವಾರ ಸಂಜೆ ಕಣ್ಣು ಮುಚ್ಚಿ ಉಸಿರು ನೋಡಿಕೊಳ್ಳಿ ಎಂದು ಪಾಠ ಹೇಳಿಸುವ ಪದ್ಧತಿ ಬಂದಿದೆ. ಅದು ನಮಗೆ ಒಪ್ಪಿಗೆಯಿಲ್ಲ. ಭಾರ ಹೆಚ್ಚಾಗಿದ್ದರೆ ಇಳಿಸಬೇಕು. ಹೊತ್ತವನಿಗೆ ಉಸಿರಾಟ ಕಲಿಸಿ ಪ್ರಯೋಜನವೇನು? ಎರಡನೆಯದು, ಇದು ಸರ್ವರೋಗಕ್ಕೆ ಮದ್ದಲ್ಲ. ಮನಸ್ಸು ತೀರ ಕುಸಿದವರಿಗೆ, ದೊಡ್ಡ ಆಘಾತ ಕಂಡವರಿಗೆ ಒಬ್ಬರೇ ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತರೆ ಕಷ್ಟ ಹೆಚ್ಚಾಗುವುದೂ ಉಂಟು. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ನಾಚಿಕೆಪಡುವಂಥದು ಅದರಲ್ಲಿ ಏನೂ ಇಲ್ಲ.

ಕಡೆಯದಾಗಿ ನಮ್ಮ ಮನೆಯ ರಾತ್ರಿಯ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಆಸ್ಪತ್ರೆಯಿಂದ ಬಂದ ಮೇಲೆ ವೈದ್ಯರು ಒಂದು ಪಾಠ ಹೇಳಿಕೊಟ್ಟರು. ಪಾದಗಳನ್ನು ದಿನವೂ ನೋಡಬೇಕು: ಅಂಗಾಲು, ಹಿಮ್ಮಡಿ, ಬೆರಳಿನ ಸಂದು. ಅವ್ವನಿಗೆ ಬಗ್ಗಲು ಆಗದು, ಕಣ್ಣೂ ಮಂದ. ಆದುದರಿಂದ ಆ ಕೆಲಸ ನಮ್ಮದಾಯಿತು. ರಾತ್ರಿ ಊಟಕ್ಕೆ ಮೊದಲು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತರುತ್ತೇವೆ. ನೀರಿನ ಬಿಸಿಯನ್ನು ನಮ್ಮ ಮೊಣಕೈಯಿಂದ ನೋಡುತ್ತೇವೆ. ಅವಳ ಕಾಲಿಗೆ ಅದು ತಿಳಿಯುವುದಿಲ್ಲವಷ್ಟೆ. ತೊಳೆದು, ಮೆತ್ತಗಿನ ಬಟ್ಟೆಯಿಂದ ಒತ್ತಿ ಒರೆಸಿ, ಬೆರಳ ಸಂದುಗಳಲ್ಲಿ ತೇವ ಉಳಿಯದಂತೆ ನೋಡಿಕೊಂಡು, ಹಿಮ್ಮಡಿಗೆ ಸ್ವಲ್ಪ ಎಣ್ಣೆ ಹಚ್ಚುತ್ತೇವೆ, ಸಂದುಗಳಿಗೆ ಹಚ್ಚುವುದಿಲ್ಲ. ಬೆಳಿಗ್ಗೆ ಚಪ್ಪಲಿಯನ್ನು ತಲೆಕೆಳಗಾಗಿ ಝಾಡಿಸಿ ಒಳಗೆ ಕೈ ಹಾಕಿ ನೋಡಿದ ಮೇಲೆಯೇ ಅವಳಿಗೆ ಕೊಡುವುದು. ಎಲ್ಲ ಸೇರಿ ಹತ್ತು ನಿಮಿಷ.

ಮೊದಮೊದಲು ಆ ಹತ್ತು ನಿಮಿಷದಲ್ಲಿಯೂ ನಾವು ಅಲ್ಲಿರಲಿಲ್ಲ. ಕೈ ಒರೆಸುತ್ತಿರುವುದು, ಮನಸ್ಸು ಬ್ಯಾಂಕಿನ ಕಂತಿನ ಲೆಕ್ಕದಲ್ಲಿ ಇರುವುದು. ಮೂರನೆಯ ಬೆರಳನ್ನು ನೋಡಿದೆವೋ ಬಿಟ್ಟೆವೋ ಎಂದು ಸಂಶಯ ಬಂದು ಮತ್ತೆ ಮೊದಲಿನಿಂದ ಆರಂಭಿಸಿದ ದಿನಗಳುಂಟು. ಅವ್ವನಿಗೆ ಅದು ತಿಳಿಯುವುದು, "ಬಂದ್ಯಾ?" ಎನ್ನುವಳು. ಮಳೆಗಾಲದ ಒಂದು ರಾತ್ರಿ ಎಡ ಹಿಮ್ಮಡಿಯಲ್ಲಿ ಕೂದಲೆಳೆಯಷ್ಟು ಒಂದು ಸೀಳು ಕಂಡಿತು. ಮರುದಿನವೇ ವೈದ್ಯರಿಗೆ ತೋರಿಸಿದೆವು, ವಾರದಲ್ಲಿ ಮಾಯಿತು. ಅದೇ ಕಾಲಿನ ಮೊಣಗಂಟಿನ ಮೇಲೆ ಒಂದು ಹಳೆಯ ಕಲೆ ಇದೆ. ಐವತ್ತೆರಡು ವರ್ಷದ ನಾವು ಅದನ್ನು ನೋಡಿದ್ದು ಆಗಲೇ. ಏನಿದು ಎಂದು ಕೇಳಿದೆವು. ಒಂಬತ್ತು ವರ್ಷದವಳಿದ್ದಾಗ ಹೊಲದಲ್ಲಿ ಕುಂಟೆ ತಾಗಿದ್ದಂತೆ. ಅವರಪ್ಪ ಅವಳನ್ನು ಹೆಗಲ ಮೇಲೆ ಹೊತ್ತು ಎರಡು ಹರದಾರಿ ನಡೆದು ಊರಿಗೆ ತಂದನಂತೆ. ದಾರಿಯುದ್ದಕ್ಕೂ ಅಳಬಾರದೆಂದು ಹೊಲಹೊಲದ ಹೆಸರನ್ನು ಹೇಳುತ್ತ ಬಂದನಂತೆ. ಆ ಹೊಲಗಳ ಹೆಸರುಗಳನ್ನು ಅವ್ವ ಒಂದೊಂದಾಗಿ ಹೇಳಿದಳು. ಈಗ ಅವುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೇವೆ. ಹನ್ನೊಂದು ಆಗಿವೆ, ಇನ್ನೂ ಇವೆ ಎನ್ನುತ್ತಾಳೆ.

ಗಡಿಯಾರ ಏಳೂಕಾಲು ತೋರಿಸುತ್ತಿದೆ. ಏಳೂವರೆಯ ಗಾಡಿ ಸಿಕ್ಕಿದರೆ ಬೋಗುಣಿಯ ಹೊತ್ತಿಗೆ ಮನೆ ಸೇರಬಹುದು.